ಬಾಣದ ಗುರುತಿನ ಹಿಂದೆ ಇದ್ದವಳು

ಚನ್ನವೀರ ತಪ್ಪು ಮಾಡಿದ. ಹೆರಿಗೆ ನೋವು ಬಂದ ಹೆಣ್ಣುಮಗಳೊಬ್ಬಳು ಆಚೆ ದಡದಲ್ಲಿ ಎರಡು ತಾಸು ಹರಿಗೋಲಿಗೆ ಕಾದಳು. ಅವಳ ಕರೆ ಬಂದಿತ್ತು. ಅದು ಕಾಣದಂತೆ ಅವನು ಮಾಡಿಟ್ಟಿದ್ದ.

ಆ ಹೊಳೆಗೆ ಸೇತುವೆ ಇಲ್ಲ. ಕಟ್ಟಿಸುತ್ತೇವೆ ಅಂದವರು ಗೆದ್ದು ಹೋದರು, ತಿರುಗಿ ಬರಲಿಲ್ಲ. ಈಚೆ ದಡದ ಆಶ್ರಮದ ಹರಿಗೋಲೊಂದೇ ಆಚೆಯ ಕೇರಿಗೆ ದಾರಿ.

ಆಚೆಯವರು ತಮ್ಮ ಫೋನಿನಲ್ಲಿ ಒಂದು ಗುಂಡಿ ಒತ್ತುತ್ತಾರೆ. ಆಶ್ರಮದ ಲ್ಯಾಪ್‌ಟಾಪಿನ ಮೆನು ಬಾರಿನಲ್ಲಿ, ಅಂದರೆ ಪರದೆಯ ಮೇಲಂಚಿನ ಪಟ್ಟಿಯಲ್ಲಿ, ಹರಿಗೋಲಿನ ಚಿಕ್ಕ ಐಕಾನ್ ಕೆಂಪಾಗುತ್ತದೆ. ಪಕ್ಕದಲ್ಲೇ ಧ್ಯಾನದ ಕೋಣೆ ಇರುವುದರಿಂದ ಸದ್ದು ಬರುವುದಿಲ್ಲ. ನೋಡುವ ಕಣ್ಣೊಂದೇ ಆಧಾರ.

ಆ ಕಣ್ಣು ಚನ್ನವೀರನದು. ದಿನವೆಲ್ಲ ಅಲ್ಲೇ ಕೂತು ಗುರುಗಳ ಮಾತುಗಳನ್ನು ಟೈಪು ಮಾಡುವುದು ಅವನ ಸೇವೆ.

ಪಟ್ಟಿಯಲ್ಲಿ ಇಪ್ಪತ್ತಮೂರು ಐಕಾನುಗಳು ಕಿಕ್ಕಿರಿದಿದ್ದವು. ಅವನಿಗೆ ಅದನ್ನು ಸಹಿಸಲಾಗಲಿಲ್ಲ. ಒಂದು ಆ್ಯಪ್ ಹಾಕಿಕೊಂಡ. ಬೇಡದ್ದನ್ನು ಎಳೆದು ಒಂದು ಬಾಣದ ಗುರುತಿನ ಹಿಂದೆ ಬಿಟ್ಟರೆ ಮಾಯ. ಬಾಣ ಒತ್ತಿದರೆ ಮತ್ತೆ ಹಾಜರು. ಬೇಕಾದದ್ದು ಯಾವುದು, ಬೇಡದ್ದು ಯಾವುದು ಎಂದು ಅವನು ನೋಡಲೇ ಇಲ್ಲ. ಎಲ್ಲವನ್ನೂ ಎಳೆದ. ಪಟ್ಟಿ ತೊಳೆದಿಟ್ಟ ತಟ್ಟೆಯಂತಾಯಿತು. ಅವನಿಗೆ ಹಿತವಾಯಿತು.

ಆ ಹೆಣ್ಣುಮಗಳನ್ನು ಕೊನೆಗೆ ಹೊಳೆ ದಾಟಿಸಿದವನು ಅಲ್ಲಿ ತೆಪ್ಪದಲ್ಲಿ ಹಾದುಹೋಗುತ್ತಿದ್ದ ಮೀನು ಹಿಡಿಯುವವನು. ಆಸ್ಪತ್ರೆಯ ಬಾಗಿಲು ದಾಟಿದ ಹತ್ತೇ ನಿಮಿಷಕ್ಕೆ ಕೂಸು ಹುಟ್ಟಿತು.

ಮೂರನೆಯ ದಿನ ಬಾಣಂತಿಯ ತಾಯಿ ಕಾಶವ್ವ ಈಚೆ ದಡದ ಆ ಆಸ್ಪತ್ರೆಯಿಂದ ಆಶ್ರಮಕ್ಕೆ ಬಂದಳು.

"ಮೊಮ್ಮಗಳು ಹುಟ್ಟ್ಯಾಳ. ಸಕ್ಕರಿ ತಗೋರಿ ಅಪ್ಪಾರ," ಎಂದು ಗುರುಗಳ ಅಂಗೈಗೆ ಹಾಕಿದಳು.

ಚನ್ನವೀರನೂ ಕೈ ಚಾಚಿದ.

"ನಿನಗಿಲ್ಲ. ನಿನಗ ಬೈಗುಳ ತಂದೀನಿ," ಅಂದಳು. "ನನ್ನ ಮಗಳು ಎರಡು ತಾಸು ಉಸುಕಿನ್ಯಾಗ ಹೊರಳ್ಯಾಡಿದಳು. ಮೂವತ್ತು ಸರ್ತಿ ಒತ್ತೀನಿ. ಎಲ್ಲಿ ಸತ್ತಿದ್ದಿ?"

"ಪಟ್ಟಿ ಸ್ವಚ್ಛ ಮಾಡಿದ್ದೆ, ಕಾಶವ್ವ."

"ಅಂದರ ನಾವು ಕಸ?"

ಅವನು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

"ಇನ್ನ ನಮ್ಮ ಕೇರ್ಯಾಗ ಯಾರೂ ಒತ್ತಂಗಿಲ್ಲ. ಒತ್ತಿದರ ಬರ್ತಾರ ಅನ್ನೋ ನಂಬಿಗಿ ಹೋತು."

ಬೈಗುಳಕ್ಕಿಂತ ಈ ಮಾತು ಆಳಕ್ಕೆ ಇಳಿಯಿತು. ನಾಳೆ ಇನ್ನೊಬ್ಬರಿಗೆ ಹೀಗೇ ಆದರೆ, ಅವರು ಕರೆಯುವುದೇ ಇಲ್ಲ. ಚನ್ನವೀರ ಗುರುಗಳತ್ತ ತಿರುಗಿದ.

"ಗುರುಗಳೇ, ಕಣ್ಣ ಮುಂದಿನ ಗದ್ದಲ ತೆಗೆದರೆ ಮನಸ್ಸು ನಿಲ್ಲುತ್ತದೆ ಅಂತ ನೀವೇ ಹೇಳಿದ್ದಿರಿ."

"ನಿಂತಿತೇ?"

"ನಿಂತಿತ್ತು. ಅವತ್ತು ಬಹಳ ಶಾಂತಿ ಇತ್ತು."

"ಎಷ್ಟು ಹೊತ್ತು?"

ಚನ್ನವೀರ ತಲೆ ತಗ್ಗಿಸಿದ. "ಎರಡು ತಾಸು."

ಗುರುಗಳು ಎದ್ದು ಹೊಳೆಗೆ ನಡೆದರು. ಮೂವರೂ ಹರಿಗೋಲು ಹತ್ತಿದರು. ಆಚೆ ದಡದಲ್ಲಿ ಕಾಶವ್ವ ಇಳಿದಳು, ಚನ್ನವೀರ ಇಳಿದ. ಗುರುಗಳು ಇಳಿಯಲಿಲ್ಲ. ಹುಟ್ಟು ಹಾಕುತ್ತ ಹಿಂದಿರುಗಿದರು.

"ಗುರುಗಳೇ, ನಾನು?"

"ಒತ್ತು," ಅಂದರು ನೀರಿನ ಮೇಲಿಂದ.

ಅವನ ಫೋನು ಆಶ್ರಮದಲ್ಲೇ ಉಳಿದಿತ್ತು. ಕಾಶವ್ವ ತನ್ನದನ್ನು ಕೊಟ್ಟಳು. ಒತ್ತಿದ. ತಾನು ಒತ್ತಿದ್ದು ಎಲ್ಲಿ ಹೋಗಿ ಬಿದ್ದಿತೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಮತ್ತೆ ಒತ್ತಿದ.

ಬಿಸಿಲೇರಿತು. ಉಸುಕು ಕಾದಿತು. ಕಾಶವ್ವ ರೊಟ್ಟಿ, ನೀರು ತಂದುಕೊಟ್ಟಳು.

"ಈಗ ಮನಸ್ಸು ನಿಂತತೇನ?" ಅಂದಳು.

ಅವನಿಗೆ ನಗು ಬಂತು. ಅವಳೂ ನಕ್ಕಳು.

"ನಿನ್ನ ಮಗಳು ಎಲ್ಲಿ ಮಲಗಿದ್ದಳು?"

"ನೀ ಕುಂತಲ್ಲೇ."

ಅವನು ಅಲ್ಲಿಂದ ಎದ್ದ. ಮತ್ತೆ ಕೂರಲಿಲ್ಲ.

ಸರಿಯಾಗಿ ಎರಡು ತಾಸಿನ ಮೇಲೆ ಗುರುಗಳು ಬಂದರು. ಕಂಕುಳಲ್ಲಿ ಲ್ಯಾಪ್‌ಟಾಪ್ ಇತ್ತು.

"ಆ ಆ್ಯಪ್ ಕಿತ್ತುಹಾಕುತ್ತೇನೆ, ಗುರುಗಳೇ."

"ಅದೇನು ಮಾಡಿತು? ನೀನು ಕೊಟ್ಟದ್ದನ್ನು ಇಟ್ಟುಕೊಂಡಿತು. ಇರಲಿ ಬಿಡು. ಪಟ್ಟಿಯನ್ನು ಈಗ ಅವಳು ಜೋಡಿಸಲಿ."

ಕಾಶವ್ವ ಸೆರಗಿಗೆ ಕೈ ಒರೆಸಿಕೊಂಡು ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಚನ್ನವೀರ ಬಾಣ ಒತ್ತಿದ. ಇಪ್ಪತ್ತಮೂರೂ ಹೊರಬಂದವು.

"ಇದೇನ?"

"ಮಳೆ, ಬಿಸಿಲು ತಿಳಿಸುತ್ತದೆ."

"ತಲಿ ಎತ್ತಿದರ ಕಾಣಂಗಿಲ್ಲೇನ? ಒಳಗ ಹಾಕು. ಇದು?"

"ಹಾಡು ಕೇಳುವುದಕ್ಕೆ."

"ಒಳಗ. ಇದು?"

"ಬ್ಯಾಟರಿ ಎಷ್ಟಿದೆ ಅಂತ."

"ಅದು ಹೊರಗಿರಲಿ. ಅದು ಸತ್ತರ ನಾವೂ ಸತ್ತಂಗ. ಇದು?"

ಚನ್ನವೀರ ಗಂಟಲು ಸರಿಮಾಡಿಕೊಂಡ. "ನಾನು ದಿನಕ್ಕೆ ಎಷ್ಟು ಹೊತ್ತು ಧ್ಯಾನ ಮಾಡಿದೆ ಅಂತ ಬರೆದಿಡುತ್ತದೆ."

ಕಾಶವ್ವ ಗುರುಗಳ ಮುಖ ನೋಡಿದಳು. ಗುರುಗಳು ಹೊಳೆ ನೋಡಿದರು. ಅದನ್ನು ಅವಳು ಅವನಿಗೆ ಬಿಡಲಿಲ್ಲ. ತಾನೇ ಬೆರಳಿಟ್ಟು ಎಳೆದು ಬಾಣದ ಹಿಂದೆ ತಳ್ಳಿದಳು.

ಕೊನೆಗೆ ಪಟ್ಟಿಯಲ್ಲಿ ಉಳಿದವು ನಾಲ್ಕು: ಬ್ಯಾಟರಿ, ನೆಟ್‌ವರ್ಕ್, ಗಡಿಯಾರ, ಅದರ ಪಕ್ಕದಲ್ಲೇ ಹರಿಗೋಲು. ಪಟ್ಟಿ ಈಗಲೂ ಸ್ವಚ್ಛವಾಗಿಯೇ ಇತ್ತು. ಚನ್ನವೀರ ಅದನ್ನು ನೋಡುತ್ತ ನಿಂತ. ಇಷ್ಟು ಸುಲಭವಿತ್ತೇ ಅನ್ನಿಸಿತು.

"ನಾಳೆಯಿಂದ ಒತ್ತತೀವಿ," ಅಂದಳು ಕಾಶವ್ವ. ಸೆರಗಿನ ಗಂಟು ಬಿಚ್ಚಿ ಒಂದು ಚಿಟಿಕೆ ಸಕ್ಕರೆ ಅವನ ಅಂಗೈಗೆ ಹಾಕಿದಳು. "ಬರಲಿಲ್ಲಂದರ ಈಜಿ ಬಂದು ಒದೀತೀನಿ."

ಹಿಂದಿರುಗುವಾಗ ಚನ್ನವೀರನೇ ಹುಟ್ಟು ಹಾಕಿದ. ನೀರು ತಣ್ಣಗಿತ್ತು. ಗುರುಗಳು ಕಣ್ಣು ಮುಚ್ಚಿ ಕೂತಿದ್ದರು.

ಈಚೆ ದಡದ ಮೆಟ್ಟಿಲ ಮೇಲೆ ಉಳಿದ ಶಿಷ್ಯರೆಲ್ಲ ಪುಸ್ತಕ, ಪೆನ್ನು ಹಿಡಿದು ಕಾಯುತ್ತಿದ್ದರು. ಸುದ್ದಿ ಆಗಲೇ ಮುಟ್ಟಿತ್ತು.

"ಗುರುಗಳೇ, ಇವತ್ತಿನ ಪಾಠದ ಅರ್ಥ ಹೇಳಿ. ಬರೆದುಕೊಳ್ಳುತ್ತೇವೆ," ಎಂದು ಕೈ ಮುಗಿದರು.

"ಬರೆಯಬೇಡಿ," ಅಂದರು ಗುರುಗಳು. "ನಿಮ್ಮ ನಿಮ್ಮ ಪರದೆ ತೆರೆಯಿರಿ. ನೆಮ್ಮದಿ ಕೆಡುತ್ತದೆ ಅಂತ ಯಾರ ಕರೆಯನ್ನು ಮರೆಗೆ ತಳ್ಳಿದ್ದೀರೋ, ಅದನ್ನು ಹೊರಗೆ ಎಳೆಯಿರಿ. ಈಗಲೇ. ಊಟ ಆಮೇಲೆ."