ಮಾರುದ್ದದ ಬೀದಿಯಲ್ಲಿ ಮಹಾರಾಜರ ಪಂಚೆ

"ದೇವೇಂದ್ರನ ಅಮರಾವತಿಯಲ್ಲೂ ಇಂಥ ಕೇರಿ ಇದ್ದರೆ ತೋರಿಸಿ!" ಎಂದು ಬಿಳಿಗೋಡಿನ ದೊರೆ ಮುದ್ದುವೀರನಾಯಕ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಊರ ಮೂಲೆಯ ನೇಕಾರರ ಕೇರಿ ಸೋರುವ ಗುಡಿಸಲುಗಳ ಕೊಂಪೆಯಾಗಿತ್ತು. ದೊರೆ ಅದನ್ನು ಕೆಡವಿಸಿ, ಅರವತ್ತು ಹೆಂಚಿನ ಮನೆ ಕಟ್ಟಿಸಿದ್ದ. ನೆಲಕ್ಕೆಲ್ಲ ಚಪ್ಪಡಿ ಕಲ್ಲು. ದೊರೆಗೆ ಕಾರಂಜಿಯ ಹುಚ್ಚು ಬೇರೆ. ಬೀದಿಯ ನಡುವೆ ಮಾರಿಗೊಂದರಂತೆ ಕಲ್ಲಿನ ಕಾರಂಜಿ ನಿಲ್ಲಿಸಿದ್ದ.

ಆದರೆ ಒಂದು ನರಪಿಳ್ಳೆಯೂ ಒಕ್ಕಲು ಬರಲಿಲ್ಲ. ನೇಕಾರರೆಲ್ಲ ಕೋಟೆಯಾಚೆಯ ಮಾವಿನ ತೋಪಿನಲ್ಲೇ ಚಪ್ಪರ ಹಾಕಿಕೊಂಡು ಕೂತಿದ್ದರು.

"ಹುಣ್ಣಿಮೆಯೊಳಗೆ ಮನೆ ಹೊಗದಿದ್ದರೆ ಅಷ್ಟೂ ಜನ ರಾಜ್ಯ ಬಿಟ್ಟು ಹೋಗಲಿ!" ದೊರೆ ಗುಡುಗಿದ.

ದೊರೆಯ ಸ್ವಭಾವ ಆಸ್ಥಾನದ ವಿದೂಷಕ ಮೈಲಾರಯ್ಯನಿಗೆ ಗೊತ್ತಿತ್ತು. ಕೋಪದಲ್ಲಿ ಆಡಿದ್ದನ್ನೂ ನಡೆಸಿಯೇ ತೀರುವ ದೊರೆ ಅವನು. ಮೈಲಾರಯ್ಯ ನೇರ ತೋಪಿಗೆ ಓಡಿ, ಕೇರಿಯ ಹಿರಿಯಳಾದ ನೀಲಗಂಗಮ್ಮನನ್ನು ಕಂಡ.

"ಅಜ್ಜೀ, ಏನು ಹಟ ನಿಮ್ಮದು?"

"ಹಟ ಯಾರಿಗೈತೆ ಸ್ವಾಮೀ? ಮನೆ ಚೆಂದಾಗೇ ಐತೆ. ಆದ್ರೆ ಮಗ್ಗಕ್ಕೆ ಕೂತವ್ರು ಕಾಲು ಇಳಿಬಿಡೋಕೆ ಗುಣಿ ಬೇಕಲ್ಲ? ಚಪ್ಪಡೀಲಿ ಹೆಂಗೆ ತೋಡೋಣ? ನೂಲಿಗೆ ಗಂಜಿ ಹಚ್ಚಿ ಬೀದಿಯುದ್ದ ಹಾಸು, ಅಂದ್ರೆ ಬಟ್ಟೆಯ ಉದ್ದನೆಯ ಎಳೆ, ಎಳೀಬೇಕು. ಎಲ್ಲಿ ಎಳೆದ್ರೂ ಕಾರಂಜಿ ಅಡ್ಡ!"

"ದೊರೆಗೆ ಹೇಳಲಿಲ್ಲವೇ?"

"ಕೇಳಿದ್ರೆ ತಾನೇ ಹೇಳೋದು?"

ಮೈಲಾರಯ್ಯ ತಲೆ ಕೆರೆದುಕೊಂಡ. ಆಮೇಲೆ ಅವಳ ಕಿವಿಯಲ್ಲಿ ಏನೋ ಉಸುರಿದ. ಅಜ್ಜಿ ಬೊಚ್ಚುಬಾಯಿ ಬಿಟ್ಟು ನಕ್ಕಳು.

ಮರುದಿನ ಅವನು ಅರಮನೆಗೆ ಬಂದು ಕೈಮುಗಿದ. "ಮಹಾಪ್ರಭು, ನೇಕಾರರು ಇವತ್ತೇ ಒಕ್ಕಲು ಬರುತ್ತಾರೆ. ಅವರದೊಂದೇ ಆಸೆ. ತಮ್ಮ ವರ್ಧಂತಿಯ ರೇಷ್ಮೆ ಪಂಚೆಯನ್ನು ಹೊಸ ಕೇರಿಯಲ್ಲೇ ನೇಯಬೇಕಂತೆ. ಒಂದು ಕಲ್ಲನ್ನೂ ಅಲುಗಿಸುವುದಿಲ್ಲ. ಆದರೆ ಆ ದಿನದ ಆನೆ ಮೆರವಣಿಗೆಯಲ್ಲಿ ತಾವು ಅದನ್ನೇ ಉಡಬೇಕು."

"ಭಲೆ! ಅದನ್ನೇ ಉಡುತ್ತೇನೆ. ಇದು ನನ್ನ ಮಾತು!" ದೊರೆ ಹಿಗ್ಗಿ ಹೀರೇಕಾಯಿಯಾದ.

ಕೇರಿಯಲ್ಲಿ ಲಟಪಟ ಶುರುವಾಯಿತು. ಗುಣಿಯಿಲ್ಲದ್ದಕ್ಕೆ ಮಗ್ಗವನ್ನು ಬೀದಿ ಬದಿಯ ಚರಂಡಿಯ ಮೇಲೆ ಹೂಡಿ, ಕಾಲನ್ನು ಅದರೊಳಕ್ಕೆ ಇಳಿಬಿಟ್ಟು ನೇಯ್ದರು. ಹಾಸನ್ನು ಈ ಕಾರಂಜಿಯಿಂದ ಆ ಕಾರಂಜಿಗೆ ಕಟ್ಟಿದರು.

ವರ್ಧಂತಿಯ ಬೆಳಿಗ್ಗೆ ಪಟ್ಟದಾನೆ ಸಿಂಗಾರವಾಗಿ ನಿಂತಿತ್ತು. ನೀಲಗಂಗಮ್ಮ ಬೆಳ್ಳಿತಟ್ಟೆಯಲ್ಲಿ ಪಂಚೆ ತಂದು ಒಪ್ಪಿಸಿದಳು. ಕಣ್ಣು ಕೋರೈಸುವ ಜರಿಯಂಚು! ದೊರೆ ಆಸೆಯಿಂದ ಬಿಡಿಸಿ ಸೊಂಟಕ್ಕೆ ಸುತ್ತಿದ. ಎಡಗಡೆಯಿಂದ ಹೊರಟ ಪಂಚೆ ಬಲಗಡೆಗೆ ಮುಟ್ಟಲೇ ಇಲ್ಲ. ಹೊಟ್ಟೆ ಒಳಕ್ಕೆಳೆದು ನೋಡಿದ, ಉಸಿರು ಕಟ್ಟಿ ನೋಡಿದ. ಊಹೂಂ!

"ಮೈಲಾರಯ್ಯಾ! ಇದು ಪಂಚೆಯೋ ಕೌಪೀನವೋ?"

"ಪಂಚೆಯೇ ಮಹಾಪ್ರಭು, ಮೂರು ಮೊಳ."

"ನನಗೆ ಹತ್ತು ಮೊಳ ಬೇಕು ಅನ್ನುವುದು ಗೊತ್ತಿಲ್ಲವೇನಯ್ಯಾ? ಯಾಕೆ ಕೇಳಲಿಲ್ಲ?"

"ಕೇಳಿದ್ದರೂ ಪ್ರಯೋಜನವಿರಲಿಲ್ಲ. ಹಾಸು ಎಳೆಯುವ ಜಾಗ ಎಷ್ಟುದ್ದವೋ ಬಟ್ಟೆಯೂ ಅಷ್ಟೇ. ತಮ್ಮ ಒಂದು ಕಾರಂಜಿಗೂ ಇನ್ನೊಂದಕ್ಕೂ ನಡುವೆ ಇರುವುದು ಒಂದೇ ಮಾರು, ಅಂದರೆ ನಾಲ್ಕು ಮೊಳ. ಗಂಟಿಗೆ, ತುದಿಗೆ ಹೋಗಿ ಉಳಿದದ್ದು ಮೂರು ಮೊಳ."

ದೊರೆ ಪಂಚೆಯನ್ನು ನೋಡಿದ, ಹೊರಗೆ ಕಾದಿದ್ದ ಆನೆಯನ್ನೂ ಊರ ಮಂದಿಯನ್ನೂ ನೋಡಿದ. ಮುಖ ಹುಳ್ಳಗಾಯಿತು.

"ಮಾತು ಕೊಟ್ಟುಬಿಟ್ಟಿದ್ದೇನಲ್ಲೋ! ಈಗ ಮಾಡುವುದೇನು?"

"ಮೆರವಣಿಗೆಯನ್ನು ಒಂದು ತಿಂಗಳು ಮುಂದೆ ಹಾಕಿ. ಅಷ್ಟರೊಳಗೆ ಬೀದಿಯನ್ನಾದರೂ ಉದ್ದ ಮಾಡಿಸಿ, ಸೊಂಟವನ್ನಾದರೂ ಸಣ್ಣ ಮಾಡಿಸಿ. ಯಾವುದು ಬೇಗ ಆದೀತು ಅನ್ನುವುದನ್ನು ತಾವೇ ಅಪ್ಪಣೆ ಕೊಡಿಸಬೇಕು!"

ದೊರೆ ಹೊಟ್ಟೆ ಕುಲುಕುವಂತೆ ನಕ್ಕ. ಸುತ್ತಿಕೊಂಡಿದ್ದ ಪಂಚೆ ಜಾರಿಯೇ ಹೋಯಿತು. ಒಳಚಲ್ಲಣವಿದ್ದದ್ದು ಪುಣ್ಯ!

"ಬೀದಿಯೇ ಬೇಗ ಕಣಯ್ಯಾ, ಬೀದಿಯೇ ಬೇಗ!" ಎಂದವನೇ ನೀಲಗಂಗಮ್ಮನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟ. "ಹೇಳಮ್ಮಾ, ಎಲ್ಲೆಲ್ಲಿ ಕಲ್ಲು ಕೀಳಿಸಲಿ?"