ಅಗ್ಗಿಷ್ಟಿಕೆಯ ಬಾಗಿಲು ಕಾದ ಪಿಕಳಾರ

ಲೋಕ ಇನ್ನೂ ಹೊಸದಾಗಿದ್ದ ಕಾಲ. ಬೆಟ್ಟಗಳು ತಮ್ಮ ತಮ್ಮ ಜಾಗದಲ್ಲಿ ಸರಿಯಾಗಿ ಕುಳಿತಿರಲಿಲ್ಲ. ಹಳ್ಳಗಳು "ನಾವು ಈ ಕಡೆ ಹರಿಯೋಣವೋ, ಆ ಕಡೆ ಹರಿಯೋಣವೋ?" ಎಂದು ದಾರಿಯಲ್ಲಿ ಹೋಗುವವರನ್ನು ನಿಲ್ಲಿಸಿ ಕೇಳುತ್ತಿದ್ದವು. ಚಳಿಗಾಲಕ್ಕೂ ಅಷ್ಟೇ, ಯಾವಾಗ ಬರಬೇಕು, ಬಂದರೆ ಎಷ್ಟು ದಿನ ಇರಬೇಕು ಎನ್ನುವುದು ತಿಳಿದಿರಲಿಲ್ಲ.

ಆಗ ಪಿಕಳಾರ ಹಕ್ಕಿ ತಲೆಯಿಂದ ಬಾಲದವರೆಗೆ ಬರೀ ಕಂದು ಬಣ್ಣ. ಉತ್ತ ಹೊಲದಲ್ಲಿ ಕುಳಿತರೆ ಮಣ್ಣಿನ ಹೆಂಟೆ ಯಾವುದು, ಹಕ್ಕಿ ಯಾವುದು ಗೊತ್ತಾಗುತ್ತಿರಲಿಲ್ಲ. ಆದರೆ ಅದು ಬಾಯಿ ತೆರೆದರೆ ಮಾತ್ರ ಊರಿಗೆಲ್ಲ ಗೊತ್ತಾಗುತ್ತಿತ್ತು. ಅಷ್ಟು ಮಾತು! "ಇದೇನು? ಅದ್ಯಾಕೆ? ಅವರೆಲ್ಲಿಗೆ ಹೋದರು?" ಬೆಳಗಿನಿಂದ ಸಂಜೆಯವರೆಗೆ ಇದೇ.

ಒಂದು ವರ್ಷ ಚಳಿಗಾಲ ಬಂದದ್ದು ಹೋಗಲೇ ಇಲ್ಲ. ಸೂರ್ಯ ಮಂಜಿನ ಹಿಂದೆಯೇ ಹುಟ್ಟಿ, ಮಂಜಿನ ಹಿಂದೆಯೇ ಮುಳುಗುತ್ತಿದ್ದ. ಚಳಿಗಾಲದ ಜೊತೆಗೆ ಬಡಗಾಳಿಯೂ ಬಂದಿತ್ತು. ಬಡಗಾಳಿ ಕೆಟ್ಟದ್ದೇನಲ್ಲ. ಅದಕ್ಕೆ ಕುಣಿತ ಇಷ್ಟ, ಅಷ್ಟೇ. ಅದರಲ್ಲೂ ಬೆಂಕಿಯ ಜೊತೆ ಕುಣಿಯುವುದೆಂದರೆ ಪ್ರಾಣ.

ಆ ಕಾಲದಲ್ಲಿ ಜನ ಮನೆಯ ಹೊರಗೆ ಮೂರು ಕಲ್ಲಿಟ್ಟು, ನಡುವೆ ಸೌದೆ ಉರಿಸಿ ಅಡುಗೆ ಮಾಡುತ್ತಿದ್ದರು. ಬೆಂಕಿ ಹೊತ್ತಿದ ಕೂಡಲೇ ಬಡಗಾಳಿ ಓಡಿ ಬರುತ್ತಿತ್ತು. "ಬಾ, ಬಾ, ಕುಣಿಯೋಣ!" ಎನ್ನುತ್ತಿತ್ತು. ಬೆಂಕಿ ಎದ್ದು ಕುಣಿಯುತ್ತಿತ್ತು. ಕುಣಿದು ಕುಣಿದು ಸೌದೆಯೆಲ್ಲ ಮುಗಿಯುತ್ತಿತ್ತು. ಮಡಕೆ ಮಾತ್ರ ತಣ್ಣಗೆ, ಒಳಗಿನ ಜೋಳ ಕಲ್ಲಿನ ಹಾಗೆ.

ಆ ಊರಲ್ಲಿ ಮಾಳವ್ವ ಎಂಬ ಕುಂಬಾರಗಿತ್ತಿ ಇದ್ದಳು. ಅವಳ ಮಗಳು ಹೊನ್ನವ್ವ ಆಗಷ್ಟೇ ಹೆತ್ತಿದ್ದಳು. ಬಾಣಂತಿಗೆ ಬಿಸಿ ಊಟವಿಲ್ಲದೆ ಎದೆಯಲ್ಲಿ ಹಾಲು ಬತ್ತುತ್ತಾ ಬಂತು. ಕೂಸು ಮೊದಮೊದಲು ಜೋರಾಗಿ ಅಳುತ್ತಿತ್ತು. ಆಮೇಲೆ ಸಣ್ಣಗೆ ಅಳತೊಡಗಿತು. ಆಮೇಲೆ ಅಳುವುದನ್ನೇ ಬಿಟ್ಟಿತು.

ಮಾಳವ್ವನಿಗೆ ಆ ಸುಮ್ಮನಿರುವಿಕೆ ಸಹಿಸಲಾಗಲಿಲ್ಲ. ಅವಳು ಹೊರಗೆ ಬಂದು ಮೂರು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತಳು.

"ಯಾಕಪ್ಪಾ ಬೆಂಕಿ, ಒಂದು ಮಡಕೆ ಗಂಜಿ ಬೇಯಿಸಿಕೊಡೋಕೆ ನಿನಗೆ ಆಗೋದಿಲ್ವೇ?" ಎಂದು ಕೇಳಿದಳು.

ಬೆಂಕಿ ತಲೆ ತಗ್ಗಿಸಿತು. "ನಾನೇನು ಮಾಡಲಿ ಮಾಳವ್ವ? ನಿನಗೆ ಮನೆ ಇದೆ. ಇಲಿಗೆ ಬಿಲ ಇದೆ. ನನಗೆ ಏನಿದೆ? ಬಯಲಲ್ಲಿ ನಿಂತವನನ್ನು ಯಾರು ಬೇಕಾದರೂ ಎಳೆದುಕೊಂಡು ಹೋಗುತ್ತಾರೆ."

"ಮನೆ ಬೇಕೇ ನಿನಗೆ? ನಾನು ಕಟ್ಟಿಕೊಡುತ್ತೇನೆ," ಎಂದು ಮಾಳವ್ವ ಎದ್ದೇಬಿಟ್ಟಳು.

ಕೆರೆಯಂಗಳದ ಜೇಡಿಮಣ್ಣು ತಂದು, ಮರಳು ಬೆರೆಸಿ ತುಳಿದಳು. ಗೋಡೆಯನ್ನು ಅಂಗೈ ದಪ್ಪ ಮಾಡಿದಳು. ಹೊಟ್ಟೆ ದುಂಡಗೆ ಮಾಡಿದಳು. ಪಿಕಳಾರ ಪಕ್ಕದ ಬೇಲಿಯ ಮೇಲೆ ಕುಳಿತು ಎಲ್ಲ ನೋಡುತ್ತಿತ್ತು. ನೋಡಿ ಸುಮ್ಮನಿದ್ದರೆ ಅದು ಪಿಕಳಾರ ಹೇಗಾದೀತು?

"ಅಜ್ಜೀ, ಇದೇನು?"

"ಬೆಂಕಿಗೆ ಮನೆ. ಅಗ್ಗಿಷ್ಟಿಕೆ ಅಂತ ಹೆಸರು."

"ಮೇಲೆ ಯಾಕೆ ಮುಚ್ಚಳ?"

"ಬಿಸಿ ಹಾರಿ ಹೋಗದ ಹಾಗೆ."

"ಮುಚ್ಚಳದ ನೆತ್ತಿಯಲ್ಲಿ ಯಾಕೆ ತೂತು?"

"ಹೊಗೆ ಹೋಗೋಕೆ."

"ಕೆಳಗೆ ಯಾಕೆ ಬಾಯಿ?"

"ಬೆಂಕಿಗೆ ಉಸಿರು ಬೇಡವೇನೇ? ಹೋಗು, ನನ್ನ ಕೈ ಕೆಡಿಸಬೇಡ!" ಎಂದು ಮಾಳವ್ವ ಗದರಿದಳು. ಗದರಿದರೂ ಅವಳಿಗೆ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು ಅದು.

ಒಂದು ಒಡೆದರೆ ಇನ್ನೊಂದಿರಲಿ ಎಂದು ಅವಳು ಎರಡು ಅಗ್ಗಿಷ್ಟಿಕೆ ಮಾಡಿದಳು. ಊರವರೆಲ್ಲ ತಮ್ಮ ತಮ್ಮ ಮನೆಯಿಂದ ಹುಲ್ಲು, ಸಗಣಿ ಕುಳ್ಳು ತಂದು ಮಡಕೆ ಸುಡುವ ಅವಳ ಆವಿಗೆಗೆ ತುಂಬಿದರು. ಅಗ್ಗಿಷ್ಟಿಕೆಗಳು ಕೆಂಪಗೆ ಬೆಂದು ಹೊರಗೆ ಬಂದವು.

ರಾತ್ರಿ ಅವು ಅಂಗಳದಲ್ಲೇ ಇದ್ದವು. ಬೆಳಗಾಗುತ್ತಲೇ ಮಾಳವ್ವ ಮೊದಲನೆಯದಕ್ಕೆ ಅವಸರದಲ್ಲಿ ಸೌದೆ ತುಂಬಿ ಬೆಂಕಿ ಹಾಕಿದಳು. ಬೆಂಕಿ ಹೊಸ ಮನೆ ಸಿಕ್ಕ ಖುಷಿಗೆ ಒಂದೇ ಸಲ ಎದ್ದು ನಿಂತಿತು. ಠಪ್! ಅಗ್ಗಿಷ್ಟಿಕೆ ಮೇಲಿನಿಂದ ಕೆಳಗಿನವರೆಗೆ ಸೀಳಿಹೋಯಿತು.

"ಅಯ್ಯೋ ನನ್ನ ಮಣ್ಣೇ!" ಎಂದು ಮಾಳವ್ವ ಕೂಗಿದಳು.

ಮಣ್ಣು ನೊಂದು ಹೇಳಿತು: "ರಾತ್ರಿಯೆಲ್ಲ ಇಬ್ಬನಿಯಲ್ಲಿ ಕುಳಿತು ನಡುಗುತ್ತಿದ್ದೆ. ಎದ್ದ ಕೂಡಲೇ ಹೊಟ್ಟೆಯೊಳಗೆ ಉರಿ ಸುರಿದರೆ ಯಾರು ತಡೆದುಕೊಳ್ಳುತ್ತಾರೆ ಅವ್ವಾ? ನನ್ನ ತಮ್ಮನನ್ನಾದರೂ ನಿಧಾನವಾಗಿ ಬೆಚ್ಚಗೆ ಮಾಡು."

ಆ ಹೊತ್ತಿಗೆ ತಲೆಯ ಮೇಲೆ ಬುಟ್ಟಿ ಹೊತ್ತು ದುಗ್ಗಪ್ಪ ಬಂದ. ಅವನು ಗುಡ್ಡದ ಕೆಳಗೆ ಇದ್ದಿಲು ಸುಡುವವನು. ಮೈ, ಕೈ, ಮುಖ ಎಲ್ಲ ಕಪ್ಪು, ನಕ್ಕರೆ ಹಲ್ಲು ಮಾತ್ರ ಬೆಳ್ಳಗೆ.

"ಮಾಳಕ್ಕ, ಸೌದೆ ಬಾಯಿಬಡುಕ. ಉರಿ ಜಾಸ್ತಿ, ಕೆಲಸ ಕಮ್ಮಿ. ಇದ್ದಿಲು ನೋಡು, ಮಾತಾಡೋದೇ ಇಲ್ಲ, ಕೂತಲ್ಲೇ ಕಾಯುತ್ತೆ," ಎಂದು ಬುಟ್ಟಿ ಇಳಿಸಿದ.

"ಮಾತೇ ಆಡದವರೂ ಇರುತ್ತಾರೆಯೇ?" ಎಂದು ಪಿಕಳಾರಕ್ಕೆ ಆಶ್ಚರ್ಯ. ಹಾರಿ ಬಂದು ಬುಟ್ಟಿಯೊಳಗೆ ಕುತ್ತಿಗೆಯವರೆಗೂ ತಲೆ ತೂರಿಸಿ, "ಏಯ್, ಯಾಕೆ ಸುಮ್ಮನಿದ್ದೀ?" ಎಂದು ಕೇಳಿತು. ಇದ್ದಿಲು ನಿಜಕ್ಕೂ ಮಾತಾಡಲಿಲ್ಲ. ಪಿಕಳಾರ ತಲೆ ಹೊರಗೆ ತೆಗೆದಾಗ ಕೊಕ್ಕಿನಿಂದ ಕುತ್ತಿಗೆಯವರೆಗೆ ಕಪ್ಪೋ ಕಪ್ಪು! ದುಗ್ಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ. "ಇವತ್ತಿನಿಂದ ನೀನು ನಮ್ಮ ಮನೆಯವಳೇ," ಎಂದ.

ಒಳಗಿನಿಂದ ಹೊನ್ನವ್ವ ಕ್ಷೀಣ ದನಿಯಲ್ಲಿ, "ಅವ್ವಾ, ಆ ಕೆಂಡವನ್ನು ಒಳಗೇ ತಂದಿಡು, ಕೂಸು ಬೆಚ್ಚಗಾಗಲಿ," ಎಂದಳು.

ದುಗ್ಗಪ್ಪ ನಗು ನಿಲ್ಲಿಸಿದ. "ಬೇಡ ಮಗಳೇ. ಇದ್ದಿಲ ಉಸಿರು ಕಣ್ಣಿಗೆ ಕಾಣೋದಿಲ್ಲ. ಮುಚ್ಚಿದ ಮನೆಯೊಳಗೆ ಇಟ್ಟರೆ ಮಲಗಿದವರು ಏಳೋದಿಲ್ಲ. ಅಡುಗೆ ಹೊರಗೇ ಆಗಲಿ, ಊಟ ಒಳಗೆ ಬರುತ್ತೆ."

ಈ ಸಲ ಯಾರೂ ಅವಸರ ಮಾಡಲಿಲ್ಲ. ಎರಡನೆಯ ಅಗ್ಗಿಷ್ಟಿಕೆಯ ತಳಕ್ಕೆ ಮೊದಲು ಹಿಡಿಯಷ್ಟು ಕೆಂಡ ಮಾತ್ರ ಹಾಕಿದರು. ಸ್ವಲ್ಪ ಹೊತ್ತಿಗೆ ಮಣ್ಣು, "ಹಾ, ಈಗ ಮೈ ಬಿಸಿಯಾಯಿತು," ಎಂದಿತು. ಇನ್ನಷ್ಟು ಇದ್ದಿಲು ಹಾಕಿದರು. "ಹಾ, ಈಗ ಬೆನ್ನು ಬಿಸಿಯಾಯಿತು," ಎಂದಿತು. ಇನ್ನಷ್ಟು ಹಾಕಿದರು. ಆಮೇಲೆ ಒಳಗೆ ಜೋಳದ ಗಂಜಿಯ ಮಡಕೆ ಇಟ್ಟು, ಸುತ್ತ ಗೆಣಸು ಜೋಡಿಸಿ, ಮುಚ್ಚಳ ಮುಚ್ಚಿದರು. ಕೆಳಗಿನ ಬಾಯಿಗೆ ಮಾಳವ್ವ ಒಂದು ಮಡಕೆ ಚೂರನ್ನು ಒರಗಿಸಿ, ಬೆರಳು ತೂರುವಷ್ಟು ಸಂದಿ ಬಿಟ್ಟಳು.

"ಗಾಳಿಯಣ್ಣ, ನಿನಗೆ ಇಷ್ಟೇ ಬಾಗಿಲು. ನೆಂಟರ ಹಾಗೆ ಮೆಲ್ಲಗೆ ಬಾ," ಎಂದಳು. ಬಡಗಾಳಿ, "ಆಗಲಿ, ಆಗಲಿ," ಎಂದಿತು.

ಅಷ್ಟರಲ್ಲಿ ಹೊನ್ನವ್ವ ಚೀರಿದಳು. "ಅವ್ವಾ, ಕೂಸಿನ ತುಟಿ ನೀಲಿಯಾಗ್ತಿದೆ! ಬೇಗ ಬಾ!"

ಮಾಳವ್ವ ಒಳಗೆ ಓಡಿದಳು. ದುಗ್ಗಪ್ಪ ಊರವರ ಮನೆಯಿಂದ ಕಂಬಳಿ ತರಲು ಓಡಿದ. ಓಡುತ್ತಾ ಮಾಳವ್ವ ಹಿಂದಿರುಗಿ, "ಪುಟ್ಟೀ, ಬಾಗಿಲು ನೋಡಿಕೋ!" ಎಂದು ಪಿಕಳಾರಕ್ಕೆ ಹೇಳಿದಳು.

ಇಂಥ ಕೆಲಸವನ್ನು ಯಾರೂ ಅದಕ್ಕೆ ಯಾವತ್ತೂ ಹೇಳಿರಲಿಲ್ಲ. ಎಲ್ಲರೂ ಹೇಳುತ್ತಿದ್ದದ್ದು ಒಂದೇ, "ಸುಮ್ಮನಿರು" ಅಂತ. ಪಿಕಳಾರ ಎದೆಯುಬ್ಬಿಸಿ ಅಗ್ಗಿಷ್ಟಿಕೆಯ ಮುಂದೆ ಕುಳಿತಿತು.

ಬಡಗಾಳಿ ಸ್ವಲ್ಪ ಹೊತ್ತು ನೆಂಟರ ಹಾಗೇ ಇತ್ತು. ಆಮೇಲೆ ಒಳಗೆ ಕೆಂಪಗೆ ಹೊಳೆಯುವ ಕೆಂಡ ಕಂಡಿತು. ಪಾಪ, ಅದಕ್ಕೆ ತಡೆಯಲಾಗಲಿಲ್ಲ. "ಬೆಂಕಿಯಣ್ಣಾ, ಒಂದೇ ಒಂದು ಕುಣಿತ!" ಎಂದು ನುಗ್ಗಿತು. ಮಡಕೆ ಚೂರು ಉರುಳಿಬಿದ್ದು ಪುಡಿಯಾಯಿತು. ಬಾಗಿಲು ಹಾರುಹೊಡೆಯಿತು. ಕೆಂಡವೆಲ್ಲ ಭಗ್ ಎಂದು ಬೆಳ್ಳಗೆ ಉರಿಯಿತು.

"ಅಯ್ಯೋ, ಹೊಟ್ಟೆ ಉರಿ! ಬೆನ್ನು ಚಳಿ! ನಾನು ಸೀಳಿಹೋಗುತ್ತೇನೆ!" ಎಂದು ಮಣ್ಣು ಕೂಗಿತು.

"ನನ್ನನ್ನು ಹಿಡಿಯಿರಿ, ಯಾರಾದರೂ ಹಿಡಿಯಿರಿ!" ಎಂದು ಬೆಂಕಿ ಕೂಗಿತು.

"ಅಜ್ಜೀ! ಅಜ್ಜೀ!" ಎಂದು ಪಿಕಳಾರ ಕೂಗಿತು. ಗಾಳಿಯ ಸದ್ದಿನಲ್ಲಿ ಅದರ ದನಿ ಬೇಲಿ ದಾಟಲಿಲ್ಲ.

ಪಿಕಳಾರ ಸುತ್ತ ನೋಡಿತು. ಎಲೆ ಇಟ್ಟರೆ ಹಾರಿಹೋಗುತ್ತದೆ. ಕಲ್ಲು ಎತ್ತಲು ಬಲವಿಲ್ಲ. ಆ ಬಾಯಿಯ ಅಳತೆ ನೋಡಿದರೆ ತನ್ನ ಮೈಯಷ್ಟೇ ಇದೆ. ಅದು ಇನ್ನೇನೂ ಯೋಚಿಸಲಿಲ್ಲ. ಗರಿ ಕೆದರಿ, ತಿರುಗಿ, ಬಾಲದ ಕಡೆಯಿಂದ ಬಾಯಿಯೊಳಗೆ ಹೊಕ್ಕು ಗಟ್ಟಿಯಾಗಿ ಕುಳಿತುಬಿಟ್ಟಿತು.

"ಅಮ್ಮಮ್ಮಾ!" ಎಂದಿತು. ಸುಡದೇ ಇದ್ದೀತೇ? ಆದರೂ ಕದಲಲಿಲ್ಲ.

"ಏಯ್ ಹಕ್ಕಿ, ಏಳು! ನನಗೆ ದಾರಿ ಬಿಡು!" ಎಂದಿತು ಬಡಗಾಳಿ.

"ಬಿಡೋದಿಲ್ಲ!"

"ಬಾಲ ಸುಟ್ಟುಹೋಗುತ್ತೆ!"

"ಹೋಗಲಿ, ಬಿಡೋದಿಲ್ಲ!"

ಬಡಗಾಳಿ ಎದುರಿನಿಂದ ಬೀಸಿತು. ಪಿಕಳಾರದ ತಲೆಯ ಗರಿಗಳು ನೆಟ್ಟಗೆ ಎದ್ದು ನಿಂತವು. ಹಕ್ಕಿ ಏಳಲಿಲ್ಲ. ಬಡಗಾಳಿ ಮುಚ್ಚಳದ ತೂತಿನಿಂದ ಒಳಗೆ ಊದಿತು. ಬೂದಿ ಸಂದಿಗೊಂದಿಯಿಂದ ಚಿಮ್ಮಿ ಹಕ್ಕಿಯ ಬೆನ್ನ ಕೊನೆಗೆ, ಬಾಲದ ಬುಡಕ್ಕೆ ಬಂದು ಕುಳಿತಿತು. ಹಕ್ಕಿ ಏಳಲಿಲ್ಲ.

"ಯಾಕೆ ಇಷ್ಟು ಹಟ ನಿನಗೆ?" ಎಂದು ಬಡಗಾಳಿ ಸುಸ್ತಾಗಿ ಕೇಳಿತು.

"ಒಳಗೊಂದು ಕೂಸಿದೆ," ಎಂದಿತು ಪಿಕಳಾರ. ಕಣ್ಣಲ್ಲಿ ನೀರು ತುಂಬಿತ್ತು. "ಅದು ಅಳೋದನ್ನೇ ಬಿಟ್ಟಿದೆ. ಗಂಜಿ ಬೇಯದಿದ್ದರೆ ಅದರ ಅಮ್ಮನಿಗೆ ಹಾಲಿಲ್ಲ. ನಾನು ಎದ್ದರೆ ಗಂಜಿ ಬೇಯೋದಿಲ್ಲ. ನೀನೇ ಹೇಳು, ಏಳಲೇ?"

ಬಡಗಾಳಿ ಬೀಸುವುದನ್ನು ನಿಲ್ಲಿಸಿತು. ಗುಡಿಸಲಿನ ಕಡೆಗೆ ನೋಡಿತು. ನಿಜ, ಒಳಗಿನಿಂದ ಕೂಸಿನ ದನಿಯೇ ಇರಲಿಲ್ಲ. ತಾನು ಇಷ್ಟು ದಿನ ಬರೀ ಕುಣಿಯುತ್ತಿದ್ದೆ, ಯಾರ ಕಡೆಗೂ ಕಿವಿ ಕೊಟ್ಟಿರಲಿಲ್ಲ ಎಂದು ಅದಕ್ಕೆ ನಾಚಿಕೆಯಾಯಿತು. ಮೆಲ್ಲಗೆ ಅಂಗಳದ ಮೂಲೆಗೆ ಹೋಗಿ ಕುಳಿತುಕೊಂಡಿತು.

"ಬೆಂಕಿಯಣ್ಣಾ, ನಿನಗೆ ಉಸಿರು ಕಟ್ಟುತ್ತಿದೆಯೇ?" ಎಂದು ಪಿಕಳಾರ ಕೇಳಿತು.

"ಇಲ್ಲ ಪುಟ್ಟೀ. ನಿನ್ನ ಗರಿಗಳ ಸಂದಿಯಿಂದ ಬರುವಷ್ಟು ಗಾಳಿ ನನಗೆ ಸಾಕು," ಎಂದು ಬೆಂಕಿ ತಣ್ಣಗಿನ ದನಿಯಲ್ಲಿ ಹೇಳಿ, ಆದಷ್ಟೂ ಹಿಂದೆ ಸರಿದು ಕುಳಿತಿತು. ಒಳಗೆ ಗಂಜಿ ಕೊತಕೊತ ಕುದಿಯತೊಡಗಿತು. ಗೆಣಸಿನ ಸಿಪ್ಪೆ ಸುಕ್ಕುಗಟ್ಟಿ, ಸಿಹಿ ವಾಸನೆ ಊರಿಗೆಲ್ಲ ಹರಡಿತು.

ಮಾಳವ್ವ ಹೊರಗೆ ಬಂದು ನೋಡಿದಳು. ಮಡಕೆ ಚೂರು ಪುಡಿಯಾಗಿದೆ. ಅಗ್ಗಿಷ್ಟಿಕೆಯ ಬಾಯಲ್ಲಿ ಒಂದು ಕರಿತಲೆ, ಜುಟ್ಟು ನೆಟ್ಟಗೆ, ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದೆ.

"ಅಯ್ಯೋ ನನ್ನ ಕಂದಾ!" ಎಂದು ಎತ್ತಿಕೊಂಡು ತಂಬಿಗೆಯ ನೀರಿನಲ್ಲಿ ಕೂರಿಸಿದಳು. ಚುಂಯ್ ಎಂದಿತು.

"ಗಂಜಿ ಬೆಂತೇ ಅಜ್ಜೀ?" ಎಂದು ಪಿಕಳಾರ ಕೇಳಿತು.

ಬೆಂದಿತ್ತು, ಹದವಾಗಿ. ಹೊನ್ನವ್ವ ಬಿಸಿ ಗಂಜಿ ಕುಡಿದಳು. ಗೆಣಸು ತಿಂದಳು. ದುಗ್ಗಪ್ಪ ತಂದ ಕಂಬಳಿಯೊಳಗೆ ಕೂಸನ್ನು ಎದೆಗೆ ಅವಚಿಕೊಂಡಳು. ಮತ್ತೆ ಗಂಜಿ ಕುಡಿದಳು, ಮತ್ತೆ ಅವಚಿಕೊಂಡಳು. ಮಂಜು ತುಸು ತಿಳಿಯಾಗುವ ಹೊತ್ತಿಗೆ ಎದೆಗೆ ಹಾಲು ಇಳಿಯಿತು. ಕೂಸು ಒಂದು ಗುಟುಕು ಕುಡಿಯಿತು. ಇನ್ನೊಂದು ಗುಟುಕು ಕುಡಿಯಿತು. ಆಮೇಲೆ ಮುಖ ಕೆಂಪಗೆ ಮಾಡಿಕೊಂಡು, ಮುಷ್ಟಿ ಬಿಗಿದು, ಊರೆಲ್ಲ ಕೇಳುವ ಹಾಗೆ "ಉವ್ವೇ!" ಎಂದು ಅತ್ತಿತು.

ಅಷ್ಟು ಚೆಂದದ ಅಳುವನ್ನು ಆ ಊರು ಕೇಳಿಯೇ ಇರಲಿಲ್ಲ. ದುಗ್ಗಪ್ಪ ಅಂಗಳದಲ್ಲಿ ಕುಣಿದುಬಿಟ್ಟ. ಊರವರು ಒಬ್ಬೊಬ್ಬರಾಗಿ ಬಂದು ಅಗ್ಗಿಷ್ಟಿಕೆಯ ಸುತ್ತ ಕೈ ಕಾಸುತ್ತಾ ಗೆಣಸು ತಿಂದರು. ಮೂಲೆಯಲ್ಲಿದ್ದ ಬಡಗಾಳಿಯನ್ನೂ ಮಾಳವ್ವ ಕರೆದಳು. ಅದು ಮೆಲ್ಲಗೆ ಬಂತು, ನಿಜವಾದ ನೆಂಟರ ಹಾಗೆ. ಅದರ ಹಿಂದೆಯೇ ಚಳಿಗಾಲವೂ ಬಂದು ಕೈ ಕಾಸಿಕೊಂಡಿತು. ಇಷ್ಟು ದಿನ ಇದ್ದದ್ದು ಹೆಚ್ಚಾಯಿತೇನೋ ಎಂದು ಅದಕ್ಕೂ ಅನ್ನಿಸಿರಬೇಕು. ಮಾರನೆಯ ದಿನವೇ ಗಂಟುಮೂಟೆ ಕಟ್ಟಿತು.

ಬಿಸಿಲು ಬಂದ ಮೇಲೆ ಪಿಕಳಾರ ತಿಂಗಳುಗಟ್ಟಲೆ ದಿನಾ ಹಳ್ಳಕ್ಕೆ ಹೋಗಿ ಮಿಂದಿತು. ಮಿಂದು ಮಿಂದು ಮೈ ಒದರಿತು. ತಲೆಯ ಇದ್ದಿಲು ಹೋಗಲಿಲ್ಲ. ಎದ್ದ ಜುಟ್ಟು ಮಲಗಲಿಲ್ಲ. ಬಾಲದ ಬುಡದ ಬೂದಿ ಹೋಗಲಿಲ್ಲ. ಬಾಲದ ಕೆಳಗೆ ಕೆಂಡ ತಾಗಿದ ಜಾಗ ನೋವೆಲ್ಲ ಮಾಯ್ದು, ಮಾಗಿದ ತೊಂಡೆಹಣ್ಣಿನಂತೆ ಕೆಂಪಗೆ ಉಳಿಯಿತು.

"ಅಜ್ಜೀ, ಹೋಗ್ತಾನೇ ಇಲ್ಲ!" ಎಂದು ಅದು ದೂರು ತಂದಿತು.

"ಯಾಕೆ ಹೋಗಬೇಕು?" ಎಂದಳು ಮಾಳವ್ವ, ಕೂಸನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾ. "ಈಗ ನೀನು ಹೆಂಟೆಗಳ ನಡುವೆ ಕೂತರೂ ನನ್ನ ಮೊಮ್ಮಗಳು ನಿನ್ನನ್ನು ಗುರುತು ಹಿಡಿಯುತ್ತಾಳೆ."

ಕೂಸು ಬೆರಳು ಚಾಚಿ ಹಕ್ಕಿಯನ್ನು ನೋಡಿ ನಕ್ಕಿತು. ಪಿಕಳಾರ ತಂಬಿಗೆಯ ನೀರಿನಲ್ಲಿ ತನ್ನ ಬಿಂಬ ನೋಡಿಕೊಂಡಿತು, ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ. "ಚೆನ್ನಾಗೇ ಇದೆ," ಎಂದು ಹಾರಿಹೋಯಿತು.

ಅದಕ್ಕೇ ಮಕ್ಕಳೇ, ನಿಮ್ಮ ಮನೆಯ ಬೇಲಿಗೆ ಬರುವ ಪಿಕಳಾರಕ್ಕೆ ಇಂದಿಗೂ ಇದ್ದಿಲಿನಂಥ ಕರಿ ಜುಟ್ಟಿನ ತಲೆ, ಬಾಲದ ಬುಡದಲ್ಲಿ ಬೂದಿಯಂಥ ಬಿಳುಪು, ಬಾಲದ ಕೆಳಗೆ ಕೆಂಡದಂಥ ಕೆಂಪು. ಒಂದು ಕಡೆ ಕುಳಿತರೂ ಬಾಲದ ಕೆಳಗೆ ಇನ್ನೂ ಬಿಸಿ ಇದೆಯೇನೋ ಎಂಬಂತೆ ಅದು ಆಗಾಗ ಬಾಲ ಕೊಡವುತ್ತಲೇ ಇರುತ್ತದೆ.