ಎರಡನೆಯ ಕಾರ್ಡು

"ಗುರುಗಳೇ, ನೀವು ಸಿಕ್ಕ ಮೇಲೆ ನನ್ನ ಹುಡುಕಾಟ ಮುಗಿಯಿತು. ಇನ್ನು ಬೇರೆ ಯಾರನ್ನೂ ನೆನೆಯುವ ಅಗತ್ಯವಿಲ್ಲ, ಅಲ್ಲವೇ?" ಎಂದು ಈರಭದ್ರ ಕೇಳಿದ.

ಅವನು ಹೆಂಡತಿಯನ್ನು ಬಿಟ್ಟು ಮಠಕ್ಕೆ ಬಂದು ಒಂಬತ್ತು ವರ್ಷವಾಗಿತ್ತು. ಗುರುಗಳು ಕಾವಿ ತೊಡುವ ಮೊದಲು ಕಂಪ್ಯೂಟರುಗಳ ನಡುವೆ ದುಡಿದವರು. ಉಪದೇಶ ಬೇಡಿದವರಿಗೆ ಕಂಪ್ಯೂಟರಿನ ಕತೆ ಹೇಳಿ ತಲೆ ತಿನ್ನುತ್ತಾರೆಂದು ಶಿಷ್ಯರು ಹಿಂದಿನಿಂದ ಆಡಿಕೊಳ್ಳುತ್ತಿದ್ದರು. ಅಂದೂ ಅವರು ಕತೆಯನ್ನೇ ಶುರುಮಾಡಿದರು.

ಬೆಟ್ಟದ ಮೇಲೊಂದು ಆಸ್ಪತ್ರೆ. ಅಲ್ಲಿ ಮೊಬೈಲು ನಡೆಯದು. ಆಸ್ಪತ್ರೆಯ ಮಾತುಕತೆಯೆಲ್ಲ ಒಂದು ಹಳೆಯ ಕಂಪ್ಯೂಟರಿನ ಮೂಲಕವೇ ಹೋಗಬೇಕು. ಅದರೊಳಗಿನ ತಂತ್ರಾಂಶ ಯುನಿಕ್ಸ್ ಎಂಬ ಹಳೆಯ ವಂಶದ್ದು. ಹೇಳಿದ್ದನ್ನು ಮಾಡುತ್ತದೆ, ಹೇಳದೆ ಇದ್ದದ್ದನ್ನು ಮಾಡುವುದಿಲ್ಲ. ಅದನ್ನು ಒಬ್ಬ ಆಪರೇಟರ್ ನೋಡಿಕೊಳ್ಳುತ್ತಿದ್ದ. ಕೆಲಸದಲ್ಲಿ ಪಳಗಿದ ಕೈ, ಅದರ ಜಂಬವೂ ಇತ್ತು.

ಅವನ ಹೆಂಡತಿಗೆ ಅಂಟುರೋಗ ತಗುಲಿತು. ಅವಳನ್ನು ದೂರದ ಒಂದು ವಾರ್ಡಿಗೆ ಸೇರಿಸಿದರು. ನರ್ಸ್ ಬಿಟ್ಟರೆ ಒಳಗೆ ಯಾರೂ ಹೋಗುವಂತಿಲ್ಲ. ಹಾಸಿಗೆಯ ಪಕ್ಕ ಮಾತಾಡುವ ಪೆಟ್ಟಿಗೆಯೊಂದಿತ್ತು. ಕಂಪ್ಯೂಟರಿನಲ್ಲಿದ್ದ ಒಂದು ನೆಟ್‌ವರ್ಕ್ ಕಾರ್ಡಿಗೆ ಆಸ್ಪತ್ರೆಯ ಉಳಿದ ತಂತಿ ಸೇರಿತ್ತು; ಈ ಪೆಟ್ಟಿಗೆಯ ತಂತಿ ಸೇರಿಸಲು ಎರಡನೆಯ ಕಾರ್ಡು ಬೇಕಿತ್ತು. ಅವನು ತರಿಸಿ ಕೂರಿಸಿದ. ಕಂಪ್ಯೂಟರನ್ನು ಎಬ್ಬಿಸಿದ. ಏಳುವಾಗ ತನ್ನೊಳಗೆ ಏನೇನು ಕಂಡಿತೆಂದು ಪರದೆಯ ಮೇಲೆ ಸಾಲುಸಾಲಾಗಿ ತೋರಿಸುವುದು ಅದರ ರೂಢಿ. ಅದು ತೋರಿಸಿದ್ದು ಒಂದೇ ಕಾರ್ಡು.

ನರ್ಸ್ ಬಂದು ಅವನ ಕೋಣೆಯ ಕಿಟಕಿಯ ಹೊರಗೆ ನಿಂತಳು. "ಒಂದ್ಸಲ ನಿಮ್ಮ ದನಿ ಕೇಳ್ಬೇಕಂತೆ ಅಕ್ಕಂಗೆ. ದಿನಾ ಅದನ್ನೇ ಹೇಳ್ತಾರೆ" ಎಂದಳು.

"ಇವತ್ತೇ ಆಗುತ್ತೆ ಅಂತ ಹೇಳು" ಎಂದ.

ಆಗಲಿಲ್ಲ. ಕಾರ್ಡನ್ನು ಕಿತ್ತು ಒರೆಸಿ ಮತ್ತೆ ಕೂರಿಸಿದ. ಪಕ್ಕದ ಕಿಂಡಿಗೆ ಹಾಕಿದ. ಕಾರ್ಡೇ ಕೆಟ್ಟಿದೆಯೆಂದು ಬೈದು ಹೊಸದನ್ನು ತರಿಸಿದ. ಅದನ್ನೂ ಕಂಪ್ಯೂಟರು ಕಾಣಲಿಲ್ಲ. ಎರಡು ದಿನ ಹೀಗೇ ಕಳೆಯಿತು. ಊಟ ಸೇರಲಿಲ್ಲ.

ಮೂರನೆಯ ದಿನ ಒಂದು ಪರೀಕ್ಷೆ ಮಾಡಿದ. ಹತ್ತು ನಿಮಿಷ ಇಡೀ ಆಸ್ಪತ್ರೆಯ ಮಾತು ನಿಲ್ಲಿಸಿ, ಮೊದಲಿನ ಕಾರ್ಡನ್ನು ತೆಗೆದಿಟ್ಟ. ಹೊಸದೊಂದೇ ಉಳಿಯಿತು. ಕಂಪ್ಯೂಟರು ಅದನ್ನು ತಕ್ಷಣ ಗುರುತಿಸಿತು. ಅಂದರೆ ಕಾರ್ಡಿನಲ್ಲಿ ದೋಷವಿಲ್ಲ. ಅವನಿಗೆ ಹುರುಪು ಬಂತು. ಹೊಸದನ್ನು ಕಿತ್ತ, ಹಳೆಯದನ್ನು ಸಿಕ್ಕಿಸಿದ, ದೋಷ ಬೇರೆಲ್ಲಿರಬಹುದೆಂದು ಪುಸ್ತಕ ತೆಗೆದು ಕೂತ.

"ಅಯ್ಯೋ, ಆಗಲೇ ಅವಳ ಹತ್ತಿರ ಮಾತಾಡಬಹುದಿತ್ತಲ್ಲ!" ಎಂದು ಈರಭದ್ರ ಸಿಡುಕಿದ. "ತಂತಿ ಅಲ್ಲೇ ಇತ್ತು. ಕಾರ್ಡೂ ಎದ್ದಿತ್ತು."

"ಮಾತಾಡಬಹುದಿತ್ತು" ಎಂದರು ಗುರುಗಳು. "ಅವನಿಗೆ ಅದು ಹೊಳೆಯಲಿಲ್ಲ. ರಿಪೇರಿ ಮಾಡುವವರ ಹಣೆಬರಹವೇ ಅಷ್ಟು. ಕೆಟ್ಟದ್ದು ಕೈಗೆ ಸಿಕ್ಕರೆ, ಅದು ಯಾತಕ್ಕೆ ಬೇಕಿತ್ತೆಂಬುದೇ ಮರೆತುಹೋಗುತ್ತದೆ."

ಕತೆ ಮುಂದುವರಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಅವನು ಸೋತ. ಜಂಬ ಬಿಟ್ಟು, ಕೆಲಸದಿಂದ ನಿವೃತ್ತಳಾಗಿದ್ದ ಹಿರಿಯ ಎಂಜಿನಿಯರ್ ಒಬ್ಬಳಿಗೆ ಕರೆ ಮಾಡಿ ಎಲ್ಲವನ್ನೂ ಹೇಳಿದ. ಆಕೆಗೆ ಯೋಚಿಸಬೇಕಾಗಿಯೇ ಬರಲಿಲ್ಲ.

"ಅದಕ್ಕೆ ಕಾಣಲ್ಲ ಅಂದ್ಕೊಂಡ್ಯಾ? ಒಂದು ಸಿಕ್ಕಿದ ಕೂಡ್ಲೇ ಹುಡುಕೋದನ್ನೇ ನಿಲ್ಲಿಸಿಬಿಡುತ್ತಪ್ಪ ಅದು. ಇನ್ನೊಂದೂ ಇದೆ, ನೋಡು ಅಂತ ನೀನೇ ಹೇಳ್ಬೇಕು. ಏಳೋವಾಗ ಅದು ಓದೋ ಫೈಲಿದೆಯಲ್ಲ, ಅದ್ರಲ್ಲಿ ಒಂದು ಸಾಲು ಬರಿ, ಸಾಕು."

ಒಂದು ಸಾಲು. ಅದಕ್ಕಾಗಿ ಮೂರು ದಿನ ತಲೆ ಚಚ್ಚಿಕೊಂಡಿದ್ದ. ನಾಚಿಕೆಯೂ ಸಂತೋಷವೂ ಒಟ್ಟಿಗೇ ಬಂದವು. ಬರೆದ. ಎಬ್ಬಿಸಿದ. ಕಂಪ್ಯೂಟರು ಒಂದು ಕಾರ್ಡನ್ನು ಕಂಡಿತು, ಅಲ್ಲಿಗೆ ನಿಲ್ಲದೆ ಎರಡನೆಯದನ್ನೂ ಕಂಡಿತು. ಅವನು ಮುಖ ಒರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ವಾರ್ಡಿಗೆ ಕರೆ ಕಳಿಸಿದ.

ಆ ಕಡೆ ಎತ್ತಿಕೊಂಡಿದ್ದು ನರ್ಸ್.

"ಅಣ್ಣಾ, ಅಕ್ಕ ಈಗ ಸ್ವಲ್ಪ ಹೊತ್ತಿನ ಮುಂಚೆ ಹೋಗ್ಬಿಟ್ರು" ಎಂದಳು. ತಂತಿ ಹೊಸದು, ಒಂದು ಅಕ್ಷರವೂ ತಪ್ಪದೆ ಕೇಳಿಸಿತು.

ಅವನು ಅಲ್ಲೇ ನೆಲದ ಮೇಲೆ ಕುಸಿದು ಕುಳಿತ. ಅವನನ್ನು ಎಬ್ಬಿಸಿ ಕರೆದೊಯ್ದವರಿಗೆ ಹಾದಿಯುದ್ದಕ್ಕೂ ಒಂದೇ ಮಾತು ಹೇಳುತ್ತಿದ್ದನಂತೆ: ಮೂರನೆಯ ದಿನ ಹತ್ತು ನಿಮಿಷ ಇತ್ತು, ಹತ್ತು ನಿಮಿಷ ಇತ್ತು.

ಗುರುಗಳು ಕತೆ ನಿಲ್ಲಿಸಿದರು. ಈರಭದ್ರನ ಕಣ್ಣು ತುಂಬಿತ್ತು. ಅವನು ಸಿಟ್ಟಿನಿಂದ, "ಎಂಥ ದರಿದ್ರ ಯಂತ್ರ! ಒಂದು ಸಿಕ್ಕಿತೆಂದು ಇನ್ನೊಂದರ ಕಡೆ ತಿರುಗಿಯೂ ನೋಡದೆ ಇರುವುದೆಂದರೇನು?" ಎಂದ.

ಗುರುಗಳು ಅವನನ್ನೇ ನೋಡಿ ಕೇಳಿದರು:

"ನಾನು ಸಿಕ್ಕೆನೆಂದು ನಿಲ್ಲಿಸಿದೆಯಲ್ಲ, ನಿನ್ನ ಹೆಂಡತಿ ಬದುಕಿದ್ದಾಳೆಯೇ?"